ಬ್ಯಾಟ್ ಕೆಳಗಿಟ್ಟು ಬೆಡ್ ಹುಡುಕಿದ ಕಡೂರಿನ ವೇದಾ

ಕಡೂರು ಎಲ್ಲಿದೆ ಅಂತ ಹೊರಗಿನವರನ್ನ ಕೇಳಿ ನೋಡಿ. ಬೆಂಗಳೂರಿಂದ ಹುಬ್ಬಳ್ಳಿ ಕಡೆ ರೈಲಲ್ಲಿ ಓಡಾಡೋರು, "ಅರಸೀಕೆರೆ ಆದಮೇಲೆ ಬೀರೂರಿಗೆ ಮುಂಚೆ ಬರುತ್ತಲ್ಲ, ಅದೇ" ಅಂತಾರೆ. ಮಂಡಿ ವ್ಯಾಪಾರದವರಿಗೆ ತೆಂಗು ನೆನಪಾಗುತ್ತೆ, ಈರುಳ್ಳಿ ನೆನಪಾಗುತ್ತೆ. ನಾಲ್ಕಕ್ಷರ ಜಾಸ್ತಿ ಓದಿದವರಾದರೆ, ಸ್ವಾತಂತ್ರ್ಯ ಬರುವ ತನಕ ಇಡೀ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು ಎಂಬ ಹಳೇ ಸಮಾಚಾರ ತೆಗೆದಾರು. ಕಛೇರಿ ಚಿಕ್ಕಮಗಳೂರಿಗೆ ಹೋಗಿ ನೂರೈವತ್ತು ವರ್ಷವಾಯಿತು, ಆಮೇಲೆ ಹೆಸರೂ ಹೋಯಿತು. ಉಳಿದದ್ದು ಬಸ್ ಸ್ಟ್ಯಾಂಡು ಮತ್ತು ರೈಲ್ವೆ ಸ್ಟೇಷನ್ನು.

ಆ ಸ್ಟೇಷನ್ನಿಂದ ಹತ್ತಿ ಹೋದ ಒಬ್ಬ ಹುಡುಗಿ ಊರಿನ ಹೆಸರನ್ನ ಮತ್ತೆ ಪೇಪರಿಗೆ ತಂದಳು. ಒಂದು ಸಲವಲ್ಲ, ಎರಡು ಸಲ. ಮೊದಲನೇ ಸಲ ಬ್ಯಾಟಿನಿಂದ. ಆಗ ಊರೆಲ್ಲ ಹಿಗ್ಗಿತು. ಎರಡನೇ ಸಲ 2021ರ ಏಪ್ರಿಲ್-ಮೇ ತಿಂಗಳಲ್ಲಿ. ಆಗ ಹಿಗ್ಗುವ ಮಾತಿರಲಿಲ್ಲ. ಯಾರೂ ಯಾರ ಮನೆ ಬಾಗಿಲಿಗೂ ಹೋಗದಿದ್ದ ಕಾಲ ಅದು. ವೇದಾ ಕೃಷ್ಣಮೂರ್ತಿಯವರ ರನ್ನುಗಳ ಲೆಕ್ಕ ಎಷ್ಟೋ ಕಡೆ ಅಚ್ಚಾಗಿದೆ. ಆ ಎರಡನೇ ಸಲದ ಕಥೆ ಮಾತ್ರ ಎರಡು ದಿನ ಸುದ್ದಿಯಾಗಿ ಮುಗಿದುಹೋಯಿತು.

ಗಲ್ಲಿಯಿಂದ ಡರ್ಬಿಗೆ

ಹುಟ್ಟಿದ್ದು 1992ರ ಅಕ್ಟೋಬರಿನಲ್ಲಿ. ಮನೆಗೆ ಕಿರಿ ಮಗಳು. ಹುಡುಗರ ಜೊತೆ ಬೀದಿಯಲ್ಲಿ ಆಡಿಕೊಂಡೇ ಬೆಳೆದವಳು. ಅಮ್ಮನಿಗೆ ಮಗಳು ಕರಾಟೆ ಕಲಿಯಲಿ ಎಂದು ಆಸೆ, ಮಗಳಿಗೆ ಅದು ಅಷ್ಟಕ್ಕಷ್ಟೆ. ಆದರೂ ಹನ್ನೆರಡು ತುಂಬುವ ಹೊತ್ತಿಗೆ ಬ್ಲ್ಯಾಕ್ ಬೆಲ್ಟ್ ಕಟ್ಟಿದ್ದಳು. ಇಷ್ಟವಿಲ್ಲದ ಕಸರತ್ತಿನಲ್ಲೇ ಇಷ್ಟು ಗಟ್ಟಿ, ಇನ್ನು ಇಷ್ಟವಾದದ್ದರಲ್ಲಿ ಹೇಗಿದ್ದಾಳು ಎಂಬ ಲೆಕ್ಕ ಮನೆಯವರಿಗೆ ಸಿಕ್ಕಿರಬೇಕು. 2005ರ ಸುಮಾರಿಗೆ ಹುಡುಗಿಯನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನ ಇರ್ಫಾನ್ ಸೇಠ್ ಅವರ ಕೈಕೆಳಗೆ ಅಭ್ಯಾಸ ಶುರುವಾಯಿತು.

ಈಗಿನವರಿಗೆ ಇದರಲ್ಲಿ ಅಂಥ ವಿಶೇಷ ಕಾಣದು. ಈಗ ಹೆಣ್ಣುಮಕ್ಕಳ ಕ್ರಿಕೆಟ್ ಟೀವಿಯಲ್ಲಿ ಬರುತ್ತೆ, ಹರಾಜಿನಲ್ಲಿ ಕೋಟಿ ರೂಪಾಯಿ ಕೂಗ್ತಾರೆ. 2005ರಲ್ಲಿ ಏನಿತ್ತು ಸ್ವಾಮಿ? ಗಂಡಸರ ಕ್ರಿಕೆಟ್ ನಡೆಸುವ ಬಿಸಿಸಿಐ ಆಗ ಹೆಂಗಸರ ಕ್ರಿಕೆಟ್ಟನ್ನು ತನ್ನದು ಅಂತಲೇ ಒಪ್ಪಿಕೊಂಡಿರಲಿಲ್ಲ. 1973ರಲ್ಲಿ ಹುಟ್ಟಿದ ಮಹಿಳಾ ಕ್ರಿಕೆಟ್ ಸಂಘವೊಂದು ಕೈಯಲ್ಲಿ ಕಾಸಿಲ್ಲದೆ, ಹೇಗೋ ತಂಡ ಕಟ್ಟಿಕೊಂಡು ಬಂದಿತ್ತು. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡದ ನಾಯಕಿ. ಅದೇ ವರ್ಷದ ಅರ್ಜುನ ಪ್ರಶಸ್ತಿ ಬಂದದ್ದೂ ಅವರಿಗೇ. ಅಂಥವರ ಕಾಲದಲ್ಲೂ ತಂಡದವರು ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಕೂತು ಪಂದ್ಯಕ್ಕೆ ಹೋಗುತ್ತಿದ್ದರು. 2006ರಲ್ಲಿ ಮಹಿಳಾ ಸಂಘ ಬಿಸಿಸಿಐನಲ್ಲಿ ವಿಲೀನವಾಯಿತು. ಕಡೂರಿನ ಹುಡುಗಿ ಬೆಂಗಳೂರಿಗೆ ಹೋದದ್ದು ಅದಕ್ಕೂ ಮುಂಚೆ. ಅಂದರೆ, ದುಡ್ಡಾಗಲಿ ಹೆಸರಾಗಲಿ ಬರುವ ಖಾತ್ರಿ ಇಲ್ಲದ ಒಂದು ಆಟಕ್ಕೆ ಸಣ್ಣ ಊರಿನ ಒಂದು ಮನೆ ಮಗಳನ್ನು ಬಿಟ್ಟುಕೊಟ್ಟಿತು. ಧೈರ್ಯ ಯಾರದು ದೊಡ್ಡದು, ಮಗಳದೋ ಮನೆಯವರದೋ, ಹೇಳುವುದು ಕಷ್ಟ.

2011ರ ಜೂನ್ 30. ಇಂಗ್ಲೆಂಡಿನ ಡರ್ಬಿ ಎಂಬ ಊರು. ವೇದಾಗೆ 18 ವರ್ಷ, ಮೊದಲನೇ ಏಕದಿನ ಪಂದ್ಯ. ಹೊಡೆದದ್ದು 51. ಮೊದಲ ಪಂದ್ಯದಲ್ಲೇ ಅರ್ಧಶತಕ! ಮಾರನೇ ದಿನದ ಪೇಪರುಗಳಲ್ಲಿ ಅದಕ್ಕೆ ಎಷ್ಟು ಜಾಗ ಸಿಕ್ಕಿತು ಎಂದು ಕೇಳಬೇಡಿ. ಮಹಿಳಾ ಕ್ರಿಕೆಟ್ ಎಂದರೆ ಆಟದ ಪುಟದ ಕೊನೇ ಮೂಲೆಯ ನಾಲ್ಕು ಸಾಲು ಎನ್ನುವ ಕಾಲ ಅದು.

ಆಮೇಲಿನ ಆರು ವರ್ಷ ಏರುಪೇರು. ತಂಡಕ್ಕೆ ಬರುವುದು, ಬಿಡುವುದು, ಮತ್ತೆ ಬರುವುದು. ಹೊಟ್ಟೆಪಾಡಿಗೆ ರೈಲ್ವೆ ಇಲಾಖೆಯ ಕೆಲಸ. ಇದನ್ನು ಹಗುರವಾಗಿ ನೋಡಬಾರದು. 2017ರ ವಿಶ್ವಕಪ್ಪಿಗೆ ಹೋದ 15 ಮಂದಿಯಲ್ಲಿ 10 ಮಂದಿ ರೈಲ್ವೆ ನೌಕರರು. ಕ್ಯಾಪ್ಟನ್ ಮಿಥಾಲಿ ರಾಜ್, ಹರ್ಮನ್‌ಪ್ರೀತ್, ವಿಜಯಪುರದ ರಾಜೇಶ್ವರಿ ಗಾಯಕವಾಡ, ಕಡೂರಿನ ವೇದಾ ಎಲ್ಲರೂ ಅದರಲ್ಲೇ. ಕ್ರಿಕೆಟ್ ಮಂಡಳಿ ಕಣ್ಣು ಬಿಡುವ ಮೊದಲು ಈ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಕೊಟ್ಟು ಆಟ ಆಡಲು ಬಿಟ್ಟದ್ದು ರೈಲ್ವೆ ಇಲಾಖೆ. ಜಂಕ್ಷನ್ ಊರಿನವರಿಗಾದರೂ ಇದು ಗೊತ್ತಿರಬೇಕು.

ಮೂವತ್ತೆಂಟು ರನ್, ಏಳು ವಿಕೆಟ್

2017ರ ಜುಲೈ 15, ಮತ್ತೆ ಅದೇ ಡರ್ಬಿ. ಎದುರಿಗೆ ನ್ಯೂಜಿಲೆಂಡ್. ಗೆದ್ದರೆ ಸೆಮಿಫೈನಲ್, ಸೋತರೆ ಊರಿಗೆ ವಾಪಸ್ಸು. ಮಿಥಾಲಿ 109, ಹರ್ಮನ್‌ಪ್ರೀತ್ 60 ಹೊಡೆದರೂ ಸ್ಕೋರು ನಿಧಾನ. ಕೊನೇ ಓವರುಗಳಲ್ಲಿ ಕ್ರೀಸಿಗೆ ಬಂದ ವೇದಾ 45 ಎಸೆತಕ್ಕೆ 70 ಬಾರಿಸಿದರು. ಭಾರತ 265. ನ್ಯೂಜಿಲೆಂಡ್ 79ಕ್ಕೆ ಮಕಾಡೆ. ಐದು ವಿಕೆಟ್ ಕಿತ್ತವರು ರಾಜೇಶ್ವರಿ, ಕೊಟ್ಟದ್ದು ಬರೀ 15 ರನ್. ಒಂದೇ ಮಧ್ಯಾಹ್ನ, ಕರ್ನಾಟಕದ ಇಬ್ಬರು ಹೆಣ್ಣುಮಕ್ಕಳು ದೇಶವನ್ನು ಸೆಮಿಫೈನಲ್ಲಿಗೆ ದಾಟಿಸಿದರು.

ಜುಲೈ 23, ಲಾರ್ಡ್ಸ್, ಫೈನಲ್. ಬೇಕಾದದ್ದು 229. 138ಕ್ಕೆ ಮೂರು ಬಿದ್ದಾಗ ವೇದಾ ಬಂದರು. ಪೂನಂ ರಾವತ್ ಜೊತೆ ಕೂಡಿ 53 ಸೇರಿಸಿದರು. ಸ್ಕೋರು 191, ಬಿದ್ದದ್ದು ಮೂರೇ. ಇನ್ನು 38 ಬೇಕು, ಏಳು ವಿಕೆಟ್ ಕೈಯಲ್ಲಿದೆ. ಗೆದ್ದಾಯಿತು ಎಂದು ಯಾರಿಗೆ ತಾನೆ ಅನ್ನಿಸಲಿಲ್ಲ? ರಾವತ್ 86ಕ್ಕೆ ಎಲ್‌ಬಿ ಆದರು. ಸುಷ್ಮಾ ವರ್ಮಾ ಸೊನ್ನೆ. ಸರಿಯಾಗಿ 200ರಲ್ಲಿ, 34 ಎಸೆತಕ್ಕೆ 35 ಹೊಡೆದಿದ್ದ ವೇದಾ, ಆನ್ಯಾ ಶ್ರಬ್‌ಸೋಲ್ ಎಸೆತವನ್ನು ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟರು. ಅಲ್ಲಿಂದ ತರಗೆಲೆ ಉದುರಿದ ಹಾಗೆ. 219ಕ್ಕೆ ಆಟ ಮುಗಿಯಿತು. ಸೋತದ್ದು ಒಂಬತ್ತು ರನ್ನಿನಿಂದ.

ಆ ಹೊಡೆತ ಬೇಕಿತ್ತೇ ಬೇಡವೇ ಅನ್ನುವ ವಾದ ಕಡೂರಿನ ಟೀ ಅಂಗಡಿಗಳಲ್ಲಿ ಇವತ್ತಿಗೂ ಎಬ್ಬಿಸಬಹುದು. ಬೇಡವಿತ್ತು ಅನ್ನೋದೇ ನ್ಯಾಯ. ಆದರೆ ಅದೇ ತರಹದ ಹೊಡೆತಗಳಿಂದಲೇ ಎಂಟು ದಿನದ ಹಿಂದೆ ಡರ್ಬಿಯಲ್ಲಿ ಎಪ್ಪತ್ತು ಬಂದಿತ್ತು. ಆಗ ಚಪ್ಪಾಳೆ ತಟ್ಟಿದವರು ಈಗ ಬೈಯುವಾಗ ಸ್ವಲ್ಪ ನಿಧಾನಿಸಬೇಕು.

ಸೋತರೂ ಆ ಫೈನಲ್ ಒಂದು ಕೆಲಸ ಮಾಡಿತು. ಹೆಂಗಸರ ಕ್ರಿಕೆಟ್ಟನ್ನು ದೇಶ ಕೂತು ನೋಡಿತು. ಮಂಡಳಿ ಆಟಗಾರ್ತಿಯರಿಗೆ ತಲಾ 50 ಲಕ್ಷ ಘೋಷಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಮಹಿಳಾ ಬಿಗ್ ಬ್ಯಾಷ್‌ಗೆ ಹೋಬಾರ್ಟ್ ತಂಡ ವೇದಾರನ್ನು ಕರೆಸಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿಗೆ ಆಡಲು ಹೋಗಿದ್ದ ಭಾರತೀಯರು ಹರ್ಮನ್‌ಪ್ರೀತ್ ಮತ್ತು ಸ್ಮೃತಿ ಮಂಧಾನ ಇಬ್ಬರೇ. ಇಷ್ಟಾದರೂ ತಕ್ಕಡಿ ಸಮನಾಗಲಿಲ್ಲ. 2018ರಲ್ಲಿ ಮಂಡಳಿಯ ವಾರ್ಷಿಕ ಕರಾರಿನಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ. ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ, ಕೆಳಗಿನ ದರ್ಜೆಗೆ 10 ಲಕ್ಷ. ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

2020ರ ಮಾರ್ಚ್ 8, ಮಹಿಳಾ ದಿನ. ಮೆಲ್ಬರ್ನಿನಲ್ಲಿ ಟಿ-20 ವಿಶ್ವಕಪ್ ಫೈನಲ್, 86,174 ಜನ ಕ್ರೀಡಾಂಗಣದಲ್ಲಿ. ಭಾರತ ಆಸ್ಟ್ರೇಲಿಯಾಕ್ಕೆ 85 ರನ್ನಿನಿಂದ ಸೋತಿತು. ವೇದಾ 19. ಎರಡನೇ ಸ್ಥಾನಕ್ಕೆ ಬಂದ ಬಹುಮಾನ ಐದು ಲಕ್ಷ ಡಾಲರ್. ಆ ದುಡ್ಡಿನ ವಿಚಾರ ಮುಂದೆ ಬರುತ್ತೆ, ಮರೆಯಬೇಡಿ.

ಅದೇ ವೇದಾ ಭಾರತಕ್ಕೆ ಆಡಿದ ಕೊನೇ ಪಂದ್ಯ. ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಹದಿನೈದು ದಿನಕ್ಕೆ ದೇಶವೇ ಬಾಗಿಲು ಹಾಕಿತು.

ಆ ಹದಿನೈದು ದಿನ

ಕೊರೋನಾ ಎರಡನೇ ಅಲೆ ಬಂದದ್ದು 2021ರ ಏಪ್ರಿಲಿನಲ್ಲಿ. ಆ ದಿನಗಳನ್ನ ಮರೆತವರು ಯಾರೂ ಇರಲಾರರು, ಮರೆಯಬೇಕು ಎಂದುಕೊಂಡವರು ಇದ್ದಾರು. ಕಡೂರಿನ ಆ ಮನೆಗೂ ಬಂತು. ಮನೆಮಂದಿಗೆಲ್ಲ, ಮಕ್ಕಳು ಸಮೇತ, ಒಬ್ಬರ ಹಿಂದೆ ಒಬ್ಬರಿಗೆ ಸೋಂಕು. ವೇದಾ ಒಬ್ಬರದು ನೆಗೆಟಿವ್. ಏಪ್ರಿಲ್ 24ಕ್ಕೆ ಆಕೆಯೇ ಟ್ವಿಟರಿನಲ್ಲಿ ತಿಳಿಸಿದರು: ಅಮ್ಮ ಹೋದರು, ಈಗ ಅಕ್ಕನಿಗಾಗಿ ಪ್ರಾರ್ಥನೆ. ಎರಡು ವಾರ ತುಂಬುವುದರೊಳಗೆ, ಮೇ ಮೊದಲ ವಾರದಲ್ಲಿ ಅಕ್ಕನೂ ಹೋದರು.

ಮನೆಯವರ ಖಾಸಗಿತನ ಕಾಪಾಡಿ ಎಂದು ಆಗಲೇ ವೇದಾ ಕೇಳಿಕೊಂಡಿದ್ದರು. ಆದ್ದರಿಂದ ತೀರಿಹೋದವರ ಹೆಸರು ಇಲ್ಲಿ ಬೇಡ.

ಹೊರಗೆ ಏನು ನಡೆಯುತ್ತಿತ್ತು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಮೇ 2-3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತರು. ಮುಂದೆ ಹೈಕೋರ್ಟ್ ನೇಮಿಸಿದ ಸಮಿತಿಯ ಲೆಕ್ಕದಲ್ಲಿ ಆ ಸಂಖ್ಯೆ ಇನ್ನೂ ಮೇಲೆ ಹೋಯಿತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಅದೇ ದಿನ ಹೈಕೋರ್ಟು, ರಾಜ್ಯಕ್ಕೆ ದಿನಕ್ಕೆ 965 ಟನ್ ಆಮ್ಲಜನಕ ಸಾಲದು, 1200 ಟನ್ ಕೊಡಿ ಎಂದು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತೇ ಸರಿ ಎಂದು ಕಳಿಸಿತು. ಜನ ಮಾತ್ರ ಕೋರ್ಟಿನ ತೀರ್ಪು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಬೆಡ್ ಸಿಗುವುದು ಹೇಗಿತ್ತು? ಬೆಂಗಳೂರಿನಲ್ಲಾದರೆ ಬಿಯು ನಂಬರು ಅಂತ ಒಂದು ಬರಬೇಕು. ಅದಿಲ್ಲದೆ ಸರ್ಕಾರಿ ಕೋಟಾದ ಹಾಸಿಗೆ ಇಲ್ಲ. ಪರೀಕ್ಷೆಯ ರಿಪೋರ್ಟು ಬರದೆ ನಂಬರಿಲ್ಲ, ರಿಪೋರ್ಟು ಬರುವ ಹೊತ್ತಿಗೆ ರೋಗಿಗೆ ಉಸಿರಿಲ್ಲ. ತಾಲ್ಲೂಕು ಊರುಗಳಲ್ಲಿ ಇನ್ನೊಂದು ಪಾಡು. ಐಸಿಯು ಬೇಕೆಂದರೆ ಜಿಲ್ಲಾ ಕೇಂದ್ರಕ್ಕೆ ಓಡಬೇಕು, ಇಲ್ಲಿಂದ ನಲವತ್ತು ಕಿಲೋಮೀಟರ್. ಅಲ್ಲಿ ಇಲ್ಲ ಅಂದರೆ ಶಿವಮೊಗ್ಗ, ಇಲ್ಲವೇ ಹಾಸನ. ಆಂಬುಲೆನ್ಸಿಗೆ ಕೇಳಿದಷ್ಟು. ರೆಮ್‌ಡೆಸಿವಿರ್ ಚುಚ್ಚುಮದ್ದಿಗೆ ಹೇಳಿದಷ್ಟು. ಗೊತ್ತಿರುವವರಿಗೆ ಫೋನ್ ಮಾಡಿ, ಅವರು ಇನ್ನೊಬ್ಬರಿಗೆ ಮಾಡಿ, ಹೀಗೆ ಸರಪಣಿ ಹಿಡಿದು ಹೋದರೆ ಎಲ್ಲೋ ಒಂದು ಹಾಸಿಗೆ. ಗೊತ್ತಿರುವವರು ಯಾರೂ ಇಲ್ಲದವನ ಗತಿ? ಅದನ್ನು ಬರೆಯುವುದೇ ಬೇಡ.

ಈ ಸರಪಣಿಯಲ್ಲಿ ಒಂದು ಕೊಂಡಿಯಾಗಿ ನಿಂತವರು ವೇದಾ. ಮನೆಯಲ್ಲಿ ಸೋಂಕು ತಗುಲದೆ ಉಳಿದ ಆಕೆಯೇ ಎಲ್ಲರ ಡಾಕ್ಟರು, ಔಷಧಿ, ಆಸ್ಪತ್ರೆ ನೋಡಿಕೊಳ್ಳಬೇಕಾಯಿತು. ಆಗಲೇ ತನಗೆ ಅರಿವಾಯಿತು ಎಂದು ಆಮೇಲೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ: ಒಬ್ಬ ಡಾಕ್ಟರ ಸಲಹೆ ಪಡೆಯುವುದಕ್ಕೂ, ಒಂದು ಬೆಡ್ ಹುಡುಕುವುದಕ್ಕೂ ಎಷ್ಟೋ ಜನ ಒದ್ದಾಡುತ್ತಿದ್ದಾರೆ, ತನಗಾದರೂ ಹೆಸರಿದೆ, ಕೇಳಿದರೆ ಓಗೊಡುವವರಿದ್ದಾರೆ. ಆ ಹೆಸರನ್ನೇ ಬಳಸಿದರು. ಸಹಾಯ ಬೇಡಿ ಬಂದ ಕೋರಿಕೆಗಳನ್ನು ತಮ್ಮ ಟ್ವಿಟರ್ ಖಾತೆಯಿಂದ ಮತ್ತೆ ಮತ್ತೆ ಹಂಚಿದರು. ಮನೆಯಲ್ಲಿ ಎರಡು ಸಾವು ಕಂಡ ಮೇಲೂ ನಿಲ್ಲಿಸಲಿಲ್ಲ.

ಇದೇನು ಮಹಾ, ಫೋನಿನಲ್ಲಿ ಬೆರಳಾಡಿಸಿದ್ದು ತಾನೆ ಅನ್ನುವವರು ಅನ್ನಲಿ. ಅವತ್ತಿನ ದಿನ ಅದೇ ದೊಡ್ಡ ಸೇವೆ. ಒಬ್ಬ ಸಾಮಾನ್ಯ ಮನುಷ್ಯ "ಅಪ್ಪನಿಗೆ ಆಕ್ಸಿಜನ್ ಬೇಕು" ಅಂತ ಬರೆದರೆ ಹತ್ತು ಜನ ನೋಡಬಹುದು. ದೇಶಕ್ಕೆ ಆಡಿದ ಆಟಗಾರ್ತಿ ಅದನ್ನೇ ಎತ್ತಿ ಹಾಕಿದರೆ ಸಾವಿರಾರು ಜನ ನೋಡ್ತಾರೆ, ಅವರಲ್ಲಿ ಒಬ್ಬ ಸಿಲಿಂಡರ್ ಇಟ್ಟುಕೊಂಡವನು ಇರ್ತಾನೆ. ಶಾಲು ಹೊದೆಸಿಕೊಂಡು, ಬ್ಯಾನರಿಗೆ ಮುಖ ಕೊಟ್ಟು ಮಾಡುವ ಸಮಾಜ ಸೇವೆ ನಮ್ಮ ಕಡೆ ಬೇಕಾದಷ್ಟಿದೆ. ಸೂತಕದ ಮನೆಯಲ್ಲಿ ಕೂತು ಮುಖ ಗೊತ್ತಿಲ್ಲದವರ ಮನೆಯ ರೋಗಿಗೆ ಹಾಸಿಗೆ ಹುಡುಕುವುದು ಬೇರೆ ಜಾತಿಯದು.

ಇನ್ನೊಂದು ಮಾತನ್ನೂ ವೇದಾ ಬಾಯಿಬಿಟ್ಟು ಹೇಳಿದರು. ಬಹಳ ಮಂದಿ ಹೇಳಲು ಹಿಂಜರಿಯುವ ಮಾತು. ಅಕ್ಕನಿಗೆ ಸಾಯುವ ಮೊದಲು ವಿಪರೀತ ಗಾಬರಿ ಹಿಡಿದಿತ್ತು. ಅಮ್ಮನಿಗೂ ಹಾಗೇ ಆಗಿರಬಹುದು, ಯಾಕೆಂದರೆ ಮಕ್ಕಳೂ ಸೇರಿ ಮನೆಯವರಿಗೆಲ್ಲ ಸೋಂಕು ಬಂದಿದೆ ಎಂದು ಆಕೆಗೆ ತಿಳಿದದ್ದು ಹಿಂದಿನ ರಾತ್ರಿ. ರೋಗದಷ್ಟೇ ಭಯವೂ ಮನುಷ್ಯನನ್ನು ತಿನ್ನುತ್ತೆ, ಮನಸ್ಸಿಗೂ ಆರೈಕೆ ಬೇಕು ಎಂಬುದನ್ನು ಸ್ವಂತ ಮನೆಯ ಗಾಯ ತೋರಿಸಿ ಹೇಳಿದರು. ನಮ್ಮ ಕಡೆ ಮನಸ್ಸಿನ ಕಾಯಿಲೆ ಎಂದರೆ ಒಂದೋ ಹುಚ್ಚು, ಇಲ್ಲ ನಾಟಕ. ನಡುವೆ ಏನೂ ಇಲ್ಲ. "ಧೈರ್ಯ ತಂದ್ಕೊಳಮ್ಮ" ಅಂದುಬಿಟ್ಟರೆ ನಮ್ಮ ವೈದ್ಯ ಮುಗಿಯಿತು. ಆ ಎರಡು ತಿಂಗಳಲ್ಲಿ ಐಸೊಲೇಷನ್ ವಾರ್ಡಿನ ಒಂಟಿತನದಲ್ಲಿ, ಪಕ್ಕದ ಹಾಸಿಗೆ ಖಾಲಿಯಾಗುವುದನ್ನ ನೋಡುತ್ತಾ ಎದೆ ಒಡೆದುಕೊಂಡವರು ಎಷ್ಟೋ. ಅವರ ಬಗ್ಗೆ ಮಾತಾಡಿದವರು ಕಮ್ಮಿ.

ಬಾರದ ಫೋನು

ಇನ್ನು ಮಂಡಳಿಯ ವಿಚಾರ. ವೇದಾರ ಅಮ್ಮ ತೀರಿಕೊಂಡಾಗ ದೇಶದಲ್ಲಿ ಐಪಿಎಲ್ ಜೋರಾಗಿ ನಡೆಯುತ್ತಿತ್ತು. ಮೇ 4ರಂದು, ಆಟಗಾರರಿಗೇ ಸೋಂಕು ತಗುಲಿದ ಮೇಲೆ ನಿಲ್ಲಿಸಿದರು. ಮೇ ಮಧ್ಯದಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಮಹಿಳಾ ತಂಡದ ಪಟ್ಟಿ ಬಂತು. ವೇದಾ ಹೆಸರಿಲ್ಲ. ಅದಕ್ಕೆ ಮಂಡಳಿಯನ್ನು ದೂರಲಾಗದು. ಆಯ್ಕೆ ಅನ್ನೋದು ಫಾರ್ಮಿನ ಪ್ರಶ್ನೆ, ಆ ಸ್ಥಿತಿಯಲ್ಲಿ ಆಕೆಯನ್ನು ಕಳಿಸುವುದು ಸರಿಯೂ ಆಗುತ್ತಿರಲಿಲ್ಲವೇನೋ. ಪ್ರಶ್ನೆ ಬೇರೆ. ಅದನ್ನು ಎತ್ತಿದವರು ಪುಣೆಯಲ್ಲಿ ಹುಟ್ಟಿ ಆಸ್ಟ್ರೇಲಿಯಾ ತಂಡಕ್ಕೆ ನಾಯಕಿಯೂ ಆಗಿದ್ದ ಲೀಸಾ ಸ್ಥಳೇಕರ್. ಕರಾರಿನಲ್ಲಿರುವ ಆಟಗಾರ್ತಿ ಇಬ್ಬರನ್ನು ಕಳಕೊಂಡು ಕೂತಿದ್ದಾಳೆ. ಹೇಗಿದ್ದೀಯಮ್ಮಾ ಎಂದು ಮಂಡಳಿಯಿಂದ ಒಂದು ವಿಚಾರಣೆಯೂ ಇಲ್ಲವೇ ಎಂದು ಅವರು ಟ್ವಿಟರಿನಲ್ಲಿ ನೇರವಾಗಿ ಕೇಳಿದರು.

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಬರುವುದು ನಂಟಸ್ತಿಕೆಯ ಮಾತಲ್ಲ, ಮನುಷ್ಯತ್ವದ ಮಾತು. ಪಕ್ಕದಂಗಡಿಯವನ ಜೊತೆ ವ್ಯಾಜ್ಯವಿದ್ದರೂ ಆ ದಿನ ಬಾಗಿಲು ಎಳೆದು ಹೋಗಿ ನಿಲ್ತೇವೆ. ಕೊರೋನಾ ಕಾಲದಲ್ಲಿ ಹೋಗುವ ಹಾಗಿರಲಿಲ್ಲ, ಆದರೆ ಫೋನಿಗೆ ಯಾವ ಲಾಕ್‌ಡೌನೂ ಇರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಗದ್ದಲ ಎದ್ದ ಮೇಲೆ ಮಂಡಳಿಯ ಕಾರ್ಯದರ್ಶಿ ಜಯ್ ಶಾ ಫೋನ್ ಮಾಡಿ ಮಾತಾಡಿದರು. ವೇದಾ ಅದಕ್ಕೆ ಕೃತಜ್ಞತೆಯನ್ನೂ ಹೇಳಿದರು. ಯಾರ ಮೇಲೂ ಒಂದು ಕಟು ಮಾತಿಲ್ಲ. ಆದರೆ ಅದೇ ಮೇ 19ರಂದು ಮಂಡಳಿ ವರ್ಷದ ಕರಾರಿನ ಪಟ್ಟಿ ಬಿಟ್ಟಿತು. ಅದರಲ್ಲೂ ವೇದಾ ಹೆಸರು ಇರಲಿಲ್ಲ. ಅಕ್ಕ ತೀರಿ ಎರಡು ವಾರ. ಪಟ್ಟಿ ಅಕ್ಟೋಬರಿನಲ್ಲಿ ಶುರುವಾಗಬೇಕಿದ್ದ ವರ್ಷದ್ದು. ಏಳು ತಿಂಗಳು ತಡಮಾಡಿದವರಿಗೆ ಇನ್ನೊಂದು ತಿಂಗಳು ತಡೆಯಲು ಏನು ಅಡ್ಡಿಯಿತ್ತು?

ಅಷ್ಟಕ್ಕೇ ಮುಗಿಯಲಿಲ್ಲ. ಮೆಲ್ಬರ್ನಿನ ಐದು ಲಕ್ಷ ಡಾಲರ್ ಜ್ಞಾಪಕವಿದೆಯಲ್ಲ? ಆ ತಂಡದ ಹುಡುಗಿಯರಿಗೆ ಹದಿನಾಲ್ಕು ತಿಂಗಳಾದರೂ ಅದರಲ್ಲಿ ಬಿಡಿಗಾಸು ಸೇರಿಲ್ಲ ಎಂದು ಮೇ 23ರಂದು ಲಂಡನ್ನಿನ ಟೆಲಿಗ್ರಾಫ್ ಪತ್ರಿಕೆ ಬರೆಯಿತು. ನಮ್ಮ ಹುಡುಗಿಯರ ದುಡ್ಡಿನ ಸುದ್ದಿ ಇಂಗ್ಲೆಂಡಿನ ಪೇಪರಿನಿಂದ ನಮಗೆ ಗೊತ್ತಾಗಬೇಕು! ಇನ್ನೊಂದು ವಾರದಲ್ಲಿ ಕೊಡ್ತೇವೆ ಎಂದು ಆಮೇಲೆ ಮಂಡಳಿ ಹೇಳಿತು. ಸಾಲದ ಪುಸ್ತಕ ಇಟ್ಟ ಯಾವ ಅಂಗಡಿಯವರಿಗೂ ಆ ಮಾತಿನ ರುಚಿ ಗೊತ್ತು.

ಇದೆಲ್ಲ ಹೀಗೇಕೆ? ಕಾರ್ಖಾನೆಯಲ್ಲಿ ಯೂನಿಯನ್ ಇದೆ, ಸಾರಿಗೆ ಸಂಸ್ಥೆಯಲ್ಲಿ ಇದೆ, ಹಮಾಲರಿಗೂ ಸಂಘ ಇದೆ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಆಡುತ್ತಿರುವ ಆಟಗಾರರ ಸಂಘವಿದೆ, ಕರಾರು, ವಿಮೆ, ಕಷ್ಟಸುಖ ಎಲ್ಲ ಅದು ವಿಚಾರಿಸುತ್ತೆ. ಭಾರತದಲ್ಲಿ ಲೋಧಾ ಸಮಿತಿ ಶಿಫಾರಸಿನಂತೆ 2019ರಲ್ಲಿ ಒಂದು ಕ್ರಿಕೆಟಿಗರ ಸಂಘ ಬಂತು. ಅದು ನಿವೃತ್ತರಿಗೆ ಮಾತ್ರ. ಈಗ ಆಡುವವರು ಸೇರುವ ಹಾಗಿಲ್ಲ. ಆ ಸಂಘದಿಂದ ಮಂಡಳಿಯ ಮೇಲಿನ ಸಮಿತಿಗೆ ಮಹಿಳಾ ಪ್ರತಿನಿಧಿಯಾಗಿ ಹೋದವರು ಅದೇ ಶಾಂತಾ ರಂಗಸ್ವಾಮಿ. ಹಳೇ ಆಟಗಾರ್ತಿಯರ ಪಿಂಚಣಿ 2022ರಲ್ಲಿ 30 ಸಾವಿರದಿಂದ 52,500ಕ್ಕೆ ಏರಿತು. ಅದೇ ವರ್ಷ ಅಕ್ಟೋಬರಿನಲ್ಲಿ ಪಂದ್ಯದ ಸಂಭಾವನೆಯನ್ನು ಹೆಣ್ಣು-ಗಂಡು ಭೇದವಿಲ್ಲದೆ ಒಂದೇ ಮಾಡಿದರು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. ಆ ಆದೇಶ ಬರುವ ಹೊತ್ತಿಗೆ ವೇದಾ ಭಾರತ ತಂಡದ ಹೊರಗಿದ್ದರು.

ಆಮೇಲೆ

ಆಕೆ ಸುಮ್ಮನೆ ಕೂರಲಿಲ್ಲ. ಕರ್ನಾಟಕ ತಂಡಕ್ಕೆ ಮತ್ತೆ ಆಡಿದರು, ನಾಯಕತ್ವ ವಹಿಸಿದರು, ಟೀವಿಯಲ್ಲಿ ವೀಕ್ಷಕ ವಿವರಣೆ ಕೊಟ್ಟರು. 2023ರ ಜನವರಿ 12ರಂದು ರಾಜ್ಯದ ರಣಜಿ ಆಟಗಾರ ಅರ್ಜುನ್ ಹೊಯ್ಸಳ ಜೊತೆ ಮದುವೆ. ಅಮ್ಮನ ಹುಟ್ಟಿದ ದಿನವೇ ಮದುವೆಯ ದಿನ.

ಮುಂದಿನ ತಿಂಗಳು ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಹರಾಜು. ಯಾರೂ ಕೂಗಲಿಲ್ಲ. ಮೂರು ವರ್ಷ ಅಂತಾರಾಷ್ಟ್ರೀಯ ಪಂದ್ಯ ಆಡದವರನ್ನು ವ್ಯಾಪಾರದವರು ಯಾಕೆ ಕೊಳ್ತಾರೆ? ಆ ವರ್ಷದ ಕೊನೆಗೆ ಗುಜರಾತ್ ಜೈಂಟ್ಸ್ 30 ಲಕ್ಷಕ್ಕೆ ತೆಗೆದುಕೊಂಡಿತು. 2024ರ ಪಂದ್ಯಾವಳಿಯಲ್ಲಿ ಆಡಿದರು. 2025ರ ಜುಲೈಯಲ್ಲಿ ಆಟಕ್ಕೆ ವಿದಾಯ ಹೇಳಿದರು. ಒಟ್ಟು 48 ಏಕದಿನ, 829 ರನ್, ಎಂಟು ಅರ್ಧಶತಕ. 76 ಟಿ-20, 875 ರನ್. ವಿದಾಯದ ಮಾತಿನಲ್ಲೂ ತಾನು ಸಣ್ಣ ಊರಿನ ಹುಡುಗಿ ಎಂಬುದನ್ನು ಮರೆಯಲಿಲ್ಲ.

ಅಂಕಿಅಂಶ ಹಿಡಿದು ಕೂರುವವರಿಗೆ ಇದು ಮಹಾ ದಾಖಲೆಯಲ್ಲ. ಒಂದು ಶತಕವೂ ಇಲ್ಲ, ಎತ್ತಿದ ವಿಶ್ವಕಪ್ಪೂ ಇಲ್ಲ. ಐದನೇ ನಂಬರಿಗೂ ಕೆಳಗೂ ಬಂದು, ಉಳಿದ ಹತ್ತು ಓವರಿನಲ್ಲಿ ಆದಷ್ಟು ಹೊಡೆಯುವ ಕೆಲಸದವರಿಗೆ ಶತಕ ಸಿಗುವುದು ಅಪರೂಪ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಬಡಿಸುವವರ ಹಾಗೆ. ಪಾತ್ರೆಯಲ್ಲಿ ಇರುವಷ್ಟರಲ್ಲೇ ಎಲ್ಲರಿಗೂ ಸಾಕು ಮಾಡಬೇಕು.

ವಿದಾಯದ ನಂತರ ಮೂರು ತಿಂಗಳು ಕಳೆದು, 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿದರು. ಕಪ್ ಎತ್ತಿದವರಲ್ಲಿ ಹರ್ಮನ್‌ಪ್ರೀತ್, ಸ್ಮೃತಿ, ದೀಪ್ತಿ ಮೂವರು 2017ರ ಲಾರ್ಡ್ಸ್ ಫೈನಲ್ ಆಡಿದವರು. ಗೆದ್ದವರು ಕಪ್ಪನ್ನು ಮೈದಾನದಲ್ಲೇ ಇದ್ದ ಮಿಥಾಲಿ, ಝೂಲನ್, ಅಂಜುಂ ಚೋಪ್ರಾ ಕೈಗೂ ಕೊಟ್ಟರು. ಆ ಹಳೇ ಫೈನಲ್ಲಿನ ಸ್ಕೋರುಪಟ್ಟಿ ತೆಗೆದು ನೋಡಿದರೆ, ಸೊನ್ನೆ, ಹದಿನಾಲ್ಕು, ಸೊನ್ನೆ, ನಾಲ್ಕು ಎಂಬ ಅಂಕಿಗಳ ಸಾಲಿಗೆ ಸ್ವಲ್ಪ ಮೇಲೆ ಕಡೂರಿನ ಹುಡುಗಿಯ 35 ಈಗಲೂ ಹಾಗೇ ಇದೆ.